ತೇಪೆ ಹಾಕಲು ಕಲಿತದ್ದು

ನಮ್ಮ ಮನೆಯೊಳಗೆ ಯಾರೂ ಓಡುವಂತಿರಲಿಲ್ಲ. ಜಗಳೂರಿನ ಆ ಮನೆಗೆ ಇದ್ದದ್ದು ಎರಡೇ ಕೋಣೆ. ಹಿಂದಿನದು ಅಡುಗೆಗೆ, ಮುಂದಿನದು ಉಳಿದೆಲ್ಲಕ್ಕೆ. ಅಪ್ಪ ಬಳೆಗಾರ. ಮುಂದಿನ ಕೋಣೆಯ ಮೂರು ಗೋಡೆಗಳಿಗೆ ಗೂಟ ಹೊಡೆದು ಬಳೆಯ ಸರಗಳನ್ನು ತೂಗುಹಾಕಿದ್ದ. ಹಸಿರು, ಕೆಂಪು, ಚುಕ್ಕೆಯವು, ಕೂಸುಗಳ ಕರಿ ಬಳೆ. ನಾನು ಸ್ವಲ್ಪ ಜೋರಾಗಿ ನಡೆದರೂ ಅವು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅಡುಗೆಮನೆಯಿಂದ ಅವ್ವ "ಮೆಲ್ಲಕೆ" ಎನ್ನುತ್ತಿದ್ದಳು. ಬಳೆ ಬಿದ್ದು ಚೂರಾದರೂ ಒಡೆಯಿತು ಎನ್ನಬಾರದು, ಹೆಚ್ಚಾಯಿತು ಎನ್ನಬೇಕು. ನಾಲ್ಕನೆಯ ಗೋಡೆ ಸೈಕಲ್ಲಿನದು. ಸಂಜೆ ಹಳ್ಳಿಗಳಿಂದ ಬಂದ ಮೇಲೆ ಅಪ್ಪ ಅದನ್ನು ಹೊಸ್ತಿಲು ದಾಟಿಸಿ ಒಳಗೆ ತಂದು ಆ ಗೋಡೆಗೆ ಒರಗಿಸುತ್ತಿದ್ದ. ನನ್ನ ಹಾಸಿಗೆ ಹಿಂದಿನ ಚಕ್ರದ ಪಕ್ಕಕ್ಕೆ. ರಬ್ಬರಿನ ವಾಸನೆ ಬಾರದಿದ್ದರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಅಪ್ಪನಷ್ಟು ಸೈಕಲ್ಲನ್ನು ಜೋಪಾನ ಮಾಡುವವರನ್ನು ನಾನು ಕಂಡಿಲ್ಲ. ಬೆಳಿಗ್ಗೆ ಎದ್ದವನೇ ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತಿದ್ದ. ಆಗ ಸೈಕಲ್ಲಿಗೂ ತೆರಿಗೆ ಕಟ್ಟಬೇಕಿತ್ತು, ಕಟ್ಟಿದ್ದಕ್ಕೆ ಗುರುತಾಗಿ ಒಂದು ಬಿಲ್ಲೆ ಕೊಡುತ್ತಿದ್ದರು. ಆ ಬಿಲ್ಲೆಯನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ. ಆಯುಧಪೂಜೆಯ ದಿನ ಹ್ಯಾಂಡಲ್ಲಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಹೋಳಿಗೆ ಎಡೆಯಿಟ್ಟ ಮೇಲೇ ನಮಗೆ ಊಟ. ಆದರೆ ಅಷ್ಟು ಪ್ರೀತಿಯ ಗಾಡಿಯ ಒಂದು ನಟ್ಟನ್ನೂ ಅವನು ತಾನಾಗಿ ತಿರುಗಿಸಿದವನಲ್ಲ. ಗಾಳಿ ಹೋಗಲಿ, ಚೈನು ಕಳಚಲಿ, ಬ್ರೇಕು ಸಡಿಲವಾಗಲಿ, ಬಸ್‌ಸ್ಟ್ಯಾಂಡಿನ ಹತ್ತಿರದ ರುದ್ರಣ್ಣನ ತಗಡಿನ ಅಂಗಡಿಗೇ ನೂಕಿಕೊಂಡು ಹೋಗಬೇಕು. ರುದ್ರಣ್ಣ ಅಪ್ಪನ ಜೊತೆ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತವನು. ನಾನು ಅವನನ್ನು ಮಾವ ಎನ್ನುತ್ತಿದ್ದೆ. ಸೋಮವಾರ ಅಂಗಡಿಗೆ ರಜೆ. ಅಂದು ನಮ್ಮ ಮನೆಗೆ ಬಂದು ರೊಟ್ಟಿ, ಶೇಂಗಾ ಚಟ್ನಿ ತಿಂದು, ಅಪ್ಪನ ಜೊತೆ ಕಟ್ಟೆಯ ಮೇಲೆ ಹೊತ್ತು ಕಳೆಯುತ್ತಿದ್ದ. ಚಿಕ್ಕಪುಟ್ಟದ್ದನ್ನಾದರೂ ನೀವೇ ಮಾಡಿಕೊಳ್ಳಬಾರದೇ ಎಂದು ಅವ್ವ ಕೇಳಿದಾಗೆಲ್ಲ ಅಪ್ಪನದು ಒಂದೇ ಉತ್ತರ.

"ಅದು ರುದ್ರಣ್ಣನ ಕೆಲಸ. ಬಳೆ ತೊಡಿಸಾದು ನನ್ನ ಕೆಲಸ. ಹೆಣ್ಮಕ್ಳಿಗೆ ತಾವೇ ಬಳೆ ಏರಿಸ್ಕೊಳ್ಳಾಕೆ ಬರಲ್ಲೇನು? ಬರ್ತೈತೆ. ಆದ್ರೂ ನನ್ನ ಮುಂದೆ ಬಂದು ಕೈ ಚಾಚ್ತಾರೆ. ಎಲ್ಲಾರೂ ಎಲ್ಲಾನೂ ತಾವೇ ಮಾಡ್ಕೊಂಡ್ರೆ ನನ್ನಂಥೋನು ಎಲ್ಲಿಗೆ ಹೋಗಬೇಕು?"

ನನಗೆ ಆ ಮಾತು ಸರಿ ಎಂದೇ ಕಾಣುತ್ತಿತ್ತು, ನಾನು ಏಳನೆಯ ಇಯತ್ತೆಯಲ್ಲಿದ್ದ ವರ್ಷ ಅಪ್ಪ ಒಂದು ಹಳ್ಳಿಯನ್ನು ಕಳೆದುಕೊಳ್ಳುವ ತನಕ.

ಅದು ಅಪ್ಪನ ಅಪ್ಪನೂ ಬಳೆ ಹೊತ್ತುಕೊಂಡು ಹೋಗುತ್ತಿದ್ದ ಹಳ್ಳಿ. ಅಲ್ಲೊಂದು ಮದುವೆ. ಮದುಮಗಳಿಗೆ ಹಸಿರು ಬಳೆ ತೊಡಿಸಲು ಅಪ್ಪನಿಗೆ ಹೇಳಿಕಳಿಸಿದ್ದರು. ಆ ಹುಡುಗಿ ಕೂಸಾಗಿದ್ದಾಗ ಮೊದಲ ಕರಿ ಬಳೆ ಹಾಕಿದವನೂ ಅಪ್ಪನೇ. ನಮ್ಮ ಕಡೆಯ ದಾರಿಗಳೆಂದರೆ ಜಾಲಿ ಮುಳ್ಳಿನ ದಾರಿಗಳು. ಹಿಂದಿನ ಸಂಜೆಯೇ ಚಕ್ರ ಮೆತ್ತಗಾಗಿತ್ತು. ಬೆಳಿಗ್ಗೆ ಹೊತ್ತು ಹುಟ್ಟುವ ಮೊದಲೇ ಅಪ್ಪ ಬಳೆ ಕಟ್ಟಿಕೊಂಡು ಅಂಗಡಿಗೆ ಹೋದರೆ ಬೀಗ. ರುದ್ರಣ್ಣ ಹೆಂಡತಿಯ ತವರಿಗೆ ಹೋಗಿದ್ದ, ಅದು ಅಪ್ಪನಿಗೆ ಗೊತ್ತಿರಲಿಲ್ಲ. ಸಂತೆಮಾಳದ ಹತ್ತಿರ ಇನ್ನೊಂದು ಸೈಕಲ್ ಅಂಗಡಿ ಇತ್ತು. ಅಲ್ಲಿಗೆ ಹೋಗಲು ಅಪ್ಪನಿಗೆ ಮನಸ್ಸು ಬರಲಿಲ್ಲ. ರುದ್ರಣ್ಣ ಈಗ ಬಂದಾನು, ಇನ್ನೊಂದು ಗಳಿಗೆಗೆ ಬಂದಾನು ಎಂದು ಬಾಗಿಲಲ್ಲೇ ಕೂತ. ಕೊನೆಗೆ ಕೈಪಂಪಿನಿಂದ ಗಾಳಿ ತುಂಬಿಕೊಂಡು ಹೊರಟು, ಗಾಳಿ ಇಳಿದಾಗ ಇಳಿದು ಮತ್ತೆ ತುಂಬಿ, ಆಮೇಲೆ ಗಾಳಿಯೇ ನಿಲ್ಲದೆ ಬಳೆಯ ಹೊರೆಯ ಸಮೇತ ಗಾಡಿಯನ್ನು ನೂಕಿಕೊಂಡು ನಡೆದ. ಸಂಜೆ ಮನೆಗೆ ಬಂದವನು ಕಾಲು ತೊಳೆದು ಕೂತ. ಅವ್ವ ತಟ್ಟೆ ಇಟ್ಟಳು. ಅವನು ರೊಟ್ಟಿ ಮುರಿಯಲಿಲ್ಲ.

"ಗಳಿಗೆ ಮೀರ್ತೈತೆ ಅಂತ ಬ್ಯಾರೆಯವರ ಕೈಲಿ ತೊಡಿಸಿಬಿಟ್ಟಿದ್ರು," ಎಂದ. "ಇನ್ನ ಮ್ಯಾಲೆ ಅವರೇ ಬರ್ತಾರಂತೆ. ಆ ಹುಡುಗಿ ನನ್ನ ನೋಡಿ ತಲೆ ತಗ್ಗಿಸಿದ್ಲು."

"ಒಂದು ತೂತು ಮುಚ್ಚಾಕೆ ಬರದೆ ಒಂದು ಊರು ಬಿಟ್ಟುಕೊಟ್ಟು ಬಂದ್ರಲ್ಲ," ಎಂದಳು ಅವ್ವ. ಬೈಗುಳದ ದನಿಯಲ್ಲ, ಅಳು ತಡೆದುಕೊಂಡ ದನಿ. "ಅರಿವೆ ಹರಿದ್ರೆ ನಾನು ಸೂಜಿ ಹಿಡಿಯಲ್ಲೇನ್ರಿ?"

ಅಪ್ಪನ ಪಾದದ ಅಂಚಿನಲ್ಲಿ ಮುಳ್ಳು ಮುರಿದುಕೊಂಡು ಕಪ್ಪಾಗಿತ್ತು. ನಾನು ಸೂಜಿ ತಂದು ಅದನ್ನು ತೆಗೆಯುತ್ತಾ ಕೂತೆ. ನಾನು ಇದನ್ನು ಕಲಿಯುತ್ತೇನೆ ಎಂದು ನಿಶ್ಚಯ ಮಾಡಿದ್ದು ಆಗಲೇ.

ಮರುವಾರ ಶಾಲೆ ಬಿಟ್ಟ ಮೇಲೆ ರುದ್ರಣ್ಣ ಮಾವನ ಅಂಗಡಿಯ ಮುಂದೆ ಹೋಗಿ ನಿಂತೆ. ಪಂಚರ್ ಹಾಕಾದು ನಂಗೂ ಕಲಿಸು ಮಾವ ಎಂದು ಕೇಳಿದೆ. ಅವನು ನಕ್ಕ, ಪ್ರೀತಿಯಿಂದಲೇ.

"ನಿನಗ್ಯಾಕವ್ವ ಇದು? ಕೈಯೆಲ್ಲ ಎಣ್ಣೆ ಆಗ್ತೈತೆ. ನಾನು ಇಲ್ವಾ?"

ಅವನು ಇಲ್ಲದ ದಿನವೇ ಹಳ್ಳಿ ಹೋದದ್ದು ಎಂದು ಹೇಳಬೇಕೆನಿಸಿತು. ಅಂದಿನಿಂದ ದಿನವೂ ಹಾದಿಯಲ್ಲಿ ಒಂದಿಷ್ಟು ಹೊತ್ತು ನಿಂತು ಕಣ್ಣಿನಿಂದಲೇ ಕಲಿಯತೊಡಗಿದೆ. ಟೈರಿನ ಅಂಚನ್ನು ಎಲ್ಲಿಂದ ಎಬ್ಬಿಸುತ್ತಾನೆ, ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವಲ್ಲಿ ಹೇಗೆ ಗುರುತು ಮಾಡುತ್ತಾನೆ, ಮೊಳೆಯಿಂದ ತೂತು ಹೊಡೆದ ತಗಡಿನಿಂದ ರಬ್ಬರನ್ನು ಹೇಗೆ ಉಜ್ಜುತ್ತಾನೆ, ಎಲ್ಲವನ್ನೂ ನೋಡಿದೆ. ಮನೆಗೆ ಬಂದು ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಚಿತ್ರ ಬರೆದೆ. ಆ ಚಿತ್ರಗಳು ಅವ್ವನ ಕಣ್ಣಿಗೆ ಬಿದ್ದವು. ಎರಡು ದಿನ ಬಿಟ್ಟು ಸಂತೆಮಾಳದ ಅಂಗಡಿಯಿಂದ ತೇಪೆಯ ರಬ್ಬರು, ಅದನ್ನು ಅಂಟಿಸುವ ಒಂದು ಸೊಲ್ಯೂಷನ್ ಟ್ಯೂಬು ತಂದು ಉಪ್ಪಿನ ಗಡಿಗೆಯ ಹಿಂದೆ ಇಟ್ಟಳು.

ಅಪ್ಪ ತನ್ನ ಅಕ್ಕನನ್ನು ನೋಡಲು ಬಸ್ಸು ಹತ್ತಿ ಕೆರೆಬಿಳಚಿಗೆ ಹೋದ ದಿನ ನಾನೂ ಅವ್ವನೂ ಮುಂಬಾಗಿಲು ಹಾಕಿಕೊಂಡೆವು. ಗೋಣಿಚೀಲ ಹಾಸಿ, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದೆವು. ಹಿಂದಿನ ಚಕ್ರದ ಗಾಳಿ ಮತ್ತೆ ಮೆಲ್ಲಗೆ ಇಳಿಯುತ್ತಿತ್ತು. ಅದನ್ನು ನಾವೇ ಮುಚ್ಚಿ ಅಪ್ಪನಿಗೆ ತೋರಿಸಬೇಕೆಂಬುದು ನಮ್ಮ ಯೋಚನೆ. ಟೈರು ಎಬ್ಬಿಸಲು ಅವ್ವ ಅಡುಗೆಮನೆಯ ಎರಡು ಚಮಚ ಕೊಟ್ಟಳು. ಹಿಟ್ಟು ನಾದುವ ಅಗಲವಾದ ಪರಾತದಲ್ಲಿ ನೀರು ತಂದಿಟ್ಟಳು. "ಇನ್ನ ಇದು ಅಡುಗೆಗೆ ಬರಾಂಗಿಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು, ಆದರೆ ಹಿಂದಕ್ಕೆ ಒಯ್ಯಲಿಲ್ಲ. ಟೈರು ಎದ್ದಿತು. ಟ್ಯೂಬು ಹೊರಬಂತು. ನೀರಿನಲ್ಲಿ ಮುಳುಗಿಸಿದರೆ ಒಂದು ಕಡೆಯಲ್ಲ, ಮೂರು ಕಡೆ ಗುಳ್ಳೆ. ಚಮಚದ ಅಂಚು ಎರಡು ಹೊಸ ತೂತು ಮಾಡಿತ್ತು. ಸೊಲ್ಯೂಷನ್ ಹಚ್ಚಿ ತೇಪೆ ಒತ್ತಿದೆವು. ತೇಪೆ ಜಾರಿತು. ಇನ್ನಷ್ಟು ಹಚ್ಚಿದೆವು. ಇನ್ನಷ್ಟು ಜಾರಿತು. ನಮ್ಮಿಬ್ಬರ ಬೆರಳುಗಳೂ ಒಂದಕ್ಕೊಂದು ಅಂಟಿಕೊಂಡಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಅಕ್ಕ ಮನೆಯಲ್ಲಿ ಇರಲಿಲ್ಲವೆಂದು ಅಪ್ಪ ಅದೇ ದಿನದ ಬಸ್ಸಿಗೆ ತಿರುಗಿ ಬಂದಿದ್ದ.

ಅವನು ಬೈಯಲಿಲ್ಲ. ಹಿಂದಿನ ಚಕ್ರ ಎತ್ತಿ ಹಿಡಿದು ಗಾಡಿಯನ್ನು ರುದ್ರಣ್ಣನ ಅಂಗಡಿಗೆ ನೂಕಿಕೊಂಡು ಹೋದ. ರುದ್ರಣ್ಣ ಟ್ಯೂಬನ್ನು ತಿರುಗಿಸಿ ನೋಡಿ "ಯಾರೋ ಕಡಿದಂಗೈತಲ್ಲೋ" ಎಂದನಂತೆ. ಅಪ್ಪ ನನ್ನ ಹೆಸರು ಹೇಳಲಿಲ್ಲ, ಆದರೆ ರುದ್ರಣ್ಣನಿಗೆ ತಿಳಿಯಿತು. ಮನೆಗೆ ಬಂದ ಮೇಲೆ ಅಪ್ಪ ಅವ್ವ ಜಗಳಾಡಿದರು. ದನಿ ಏರಿಸದೆ ಆಡಿದ ಜಗಳ ಅದು, ಗೋಡೆಯ ಬಳೆಗಳಿಗೆ ಹೆದರಿದಂತೆ.

"ಇವತ್ತು ಟ್ಯೂಬು, ನಾಳೆ ಚೈನು. ಆಮ್ಯಾಲೆ ನಾನು ಅವನ ಅಂಗಡಿ ಮುಂದೆ ಹೆಂಗೆ ಹಾದುಹೋಗ್ಲಿ?"

"ದಾರ್ಯಾಗೆ ಗಾಳಿ ಹೋದ್ರೆ ಅವ್ರು ಅಲ್ಲಿಗೆ ಬರ್ತಾರೇನ್ರಿ?"

"ಬರಲ್ಲ. ಅದಕ್ಕೇ ನೂಕ್ಕೊಂಡು ಬರ್ತೀನಿ."

"ನೀವು ನೂಕ್ಕೊಂಡು ಬರಾದ್ನ ಬಾಗಿಲಾಗೆ ನಿಂತು ನೋಡೋಳು ನಾನು."

ಅಪ್ಪ ನನ್ನ ಕಡೆ ತಿರುಗಿ, ಇನ್ನು ಸೈಕಲ್ ಮುಟ್ಟಕೂಡದು ಎಂದ. ನಾನು ಹೂಂ ಎಂದೆ. ಮುಟ್ಟಕೂಡದೆಂದದ್ದು ಅವನ ಸೈಕಲ್ಲನ್ನು. ಕಲಿಯಕೂಡದೆಂದು ಹೇಳಿರಲಿಲ್ಲ.

ಮಾರನೆಯ ದಿನ ರುದ್ರಣ್ಣ ಮಾವನ ಹತ್ತಿರ ಹೋಗಿ, ಸೌದೆ ಕಟ್ಟಲು ಬೇಕು ಎಂದು ಸುಳ್ಳು ಹೇಳಿ, ಬಿಸಾಕಿದ್ದ ಒಂದು ಹಳೆಯ ಟ್ಯೂಬು ತಂದೆ. ಅದರಲ್ಲಿ ಹನ್ನೊಂದು ತೂತು ಇದ್ದವು. ಆ ಚಳಿಗಾಲವೆಲ್ಲ ನನ್ನ ಸಂಜೆಗಳು ಹಿತ್ತಲಿನ ಕಲ್ಲಿನ ಮೇಲೆ, ಆ ಪರಾತದ ಮುಂದೆ ಕಳೆದವು. ಮೊದಲ ತೇಪೆ ಅರ್ಧ ದಿನಕ್ಕೆ ಬಿಟ್ಟುಕೊಂಡಿತು. ಎರಡನೆಯದು ಗಾಳಿ ತುಂಬಿದ ಕೂಡಲೇ ಎದ್ದಿತು. ಸೊಲ್ಯೂಷನ್ ಮುಗಿದಾಗ ಅವ್ವ ಕೇಳದೆಯೇ ಇನ್ನೊಂದು ತಂದಿಟ್ಟಳು. ಅಂಟು ಯಾಕೆ ಹಿಡಿಯುವುದಿಲ್ಲ ಎಂದು ನಾನು ಅಳುವ ಹಾಗಾಗಿದ್ದ ಒಂದು ದಿನ, ಪಕ್ಕದಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದ ಅವಳೇ ಹೇಳಿದಳು:

"ಹಸಿ ಇದ್ದಾಗಲೇ ಒತ್ತಿದ್ರೆ ಹೆಂಗೆ ಹಿಡಿತೈತೆ? ಹಪ್ಪಳಕ್ಕೆ ಮ್ಯಾಲೆ ಪೊರೆ ಬರ್ತೈತಲ್ಲ, ಹಂಗೆ ಬರಾಕೆ ಬಿಡು. ಬೆರಳಿಗೆ ಅಂಟದಂಗಾದ ಮ್ಯಾಲೆ ಒತ್ತು."

ಸೈಕಲ್ ಹತ್ತಿದವಳಲ್ಲ, ಅಂಗಡಿಯ ಮುಂದೆ ನಿಂತವಳಲ್ಲ. ಆದರೂ ನನ್ನ ಕಣ್ಣಿಗೆ ತಪ್ಪಿಹೋಗಿದ್ದುದನ್ನು ಅವಳು ಹೇಳಿದ್ದಳು. ರುದ್ರಣ್ಣ ಮಾವ ಸೊಲ್ಯೂಷನ್ ಹಚ್ಚಿ ಬೀಡಿ ಹಚ್ಚುತ್ತಿದ್ದ. ಅದು ಕಾಯುವ ಹೊತ್ತು ಎಂದು ನನಗೆ ಹೊಳೆದಿರಲಿಲ್ಲ. ಅಂದಿನಿಂದ ತೇಪೆಗಳು ನಿಂತವು. ಹನ್ನೊಂದೂ ಮುಚ್ಚಿದ ದಿನ ಗಾಳಿ ತುಂಬಿ, ಟ್ಯೂಬನ್ನು ಸುತ್ತಲೂ ನೀರಿನಲ್ಲಿ ತಿರುಗಿಸಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಒಂದಿಡೀ ದಿನ ಹಾಗೇ ಬಿಟ್ಟೆ. ಬಿಗಿ ಕಡಿಮೆಯಾಗಲಿಲ್ಲ. ಆಗ ಅದನ್ನು ತಂದು ಅಪ್ಪನ ಮುಂದೆ ಇಟ್ಟೆ.

ಅಪ್ಪ ಅದನ್ನು ಒತ್ತಿ ನೋಡಿದ. ಒಂದೊಂದೇ ತೇಪೆಯ ಅಂಚನ್ನು, ಬಳೆಯಲ್ಲಿ ಬಿರುಕು ಹುಡುಕುವ ಹಾಗೆ, ಹೆಬ್ಬೆರಳಿನಿಂದ ಸವರಿದ. ಆಮೇಲೆ ಅದನ್ನು ನನ್ನ ಕೈಗೆ ತಿರುಗಿ ಕೊಟ್ಟು, "ಹಿಂಗೆ ಕದ್ದು ಕಲಿತದ್ದು ಆಗಬಾರದು. ರುದ್ರಣ್ಣಂಗೆ ತೋರ್ಸಿ, ಇರೋದು ಇದ್ದಂಗೆ ಹೇಳಿ ಬಾ. ಆಮ್ಯಾಲೆ ನಮ್ಮ ಗಾಡಿ ಮುಟ್ಟು," ಎಂದ.

ಬಸ್‌ಸ್ಟ್ಯಾಂಡಿನ ತನಕದ ಆ ದಾರಿ ನನಗೆ ಬಹಳ ಉದ್ದವಾಗಿತ್ತು. ಹೋಗಿ, ಸೌದೆ ಕಟ್ಟಲಿಕ್ಕೆ ಎಂದದ್ದು ಸುಳ್ಳು ಎಂದೆ. ಟ್ಯೂಬು ಕೊಟ್ಟೆ. ರುದ್ರಣ್ಣ ಮಾವ ನೀರಿನಲ್ಲಿ ಮುಳುಗಿಸಿ ನೋಡಿದ. ಒಳ್ಳೆಯದಿದೆ ಎಂದ, ಆದರೆ ಮುಖದಲ್ಲಿ ನಗು ಇರಲಿಲ್ಲ.

"ಹಂಗಾರೆ ಇನ್ನ ನಿಮ್ಮಪ್ಪ ಈ ಕಡೆ ಬರಾದು ಬ್ಯಾಡ."

ನಿಜವಾಗಿಯೂ ಅಪ್ಪ ಹೋಗಬೇಕಾಗಲಿಲ್ಲ. ಅದಾದ ಮೇಲೆ ನಮ್ಮ ಸೈಕಲ್ಲಿನ ಪಂಚರ್ ನಾನೇ ಹಾಕಿದೆ. ಗಟ್ಟಿ ತಗಡಿನ ಎರಡು ಪಟ್ಟಿಗಳ ಅಂಚನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿ ಚಮಚದ ಬದಲಿಗೆ ಇಟ್ಟುಕೊಂಡೆ. ಅಪ್ಪ ಹಳ್ಳಿಗಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದ. ಆದರೆ ಸೋಮವಾರ ರುದ್ರಣ್ಣ ಬರುವುದು ನಿಂತಿತು. ಮೊದಲ ಸೋಮವಾರ ಅವ್ವ ಅವನಿಗೂ ಸೇರಿಸಿ ರೊಟ್ಟಿ ಬಡಿದಿದ್ದಳು. ಅಪ್ಪ ಕಟ್ಟೆಯ ಮೇಲೆ ಒಬ್ಬನೇ ಕೂತು ಬೀದಿ ನೋಡುತ್ತಿದ್ದ. ನನ್ನನ್ನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕಲಿತದ್ದಕ್ಕೆ ಪಶ್ಚಾತ್ತಾಪ ನನಗೆ ಆಗಲಿಲ್ಲ. ಆದರೆ ನಮ್ಮ ಮನೆಯ ಕಟ್ಟೆಯಿಂದ ಒಬ್ಬನನ್ನು ನಾನು ಎಬ್ಬಿಸಿ ಕಳಿಸಿದ್ದೇನೆ ಎಂಬುದು ಊಟದ ಹೊತ್ತಿನಲ್ಲೆಲ್ಲ ಚುಚ್ಚುತ್ತಿತ್ತು.

ಗೌರಿಹಬ್ಬದ ಮುಂಚಿನ ಒಂದು ಭಾನುವಾರ ಅಪ್ಪ ನನ್ನನ್ನೂ ಹಳ್ಳಿಗೆ ಕರೆದುಕೊಂಡು ಹೊರಟ. ಹಬ್ಬದ ಮುಂದೆ ಹೆಂಗಸರು ಮುತ್ತುತ್ತಾರೆ, ಸರ ಬಿಚ್ಚಿಕೊಡಲು ಒಬ್ಬರು ಬೇಕು. ನಾನು ಮುಂದಿನ ಬಾರಿನ ಮೇಲೆ, ಬಳೆ ಹಿಂದಿನ ಕ್ಯಾರಿಯರಿನ ಮೇಲೆ, ನನ್ನ ಸಾಮಾನಿನ ಡಬ್ಬಿ ಹ್ಯಾಂಡಲ್ಲಿನ ಚೀಲದಲ್ಲಿ. ಊರು ದಾಟಿ ಬಹಳ ದೂರ ಹೋದ ಮೇಲೆ ರಸ್ತೆ ಬದಿಯ ಬೇವಿನ ಮರದ ಕೆಳಗೆ ಒಬ್ಬ ಗಂಡಸು, ಒಬ್ಬ ಹೆಂಗಸು, ಮಲಗಿಸಿದ ಒಂದು ಸೈಕಲ್ಲು ಕಂಡವು. ಹತ್ತಿರ ಹೋದರೆ ರುದ್ರಣ್ಣ ಮಾವ ಮತ್ತು ಅವನ ಹೆಂಡತಿ ಪಾರ್ವತತ್ತೆ. ಅತ್ತೆಯ ತವರಿಗೆ ಹೊರಟಿದ್ದರು. ಹಿಂದಿನ ಚಕ್ರದಲ್ಲಿ ಗಾಳಿ ಇರಲಿಲ್ಲ. ಮಾವನ ಸಾಮಾನೆಲ್ಲ ಅಂಗಡಿಯಲ್ಲಿ, ಬೀಗದ ಒಳಗೆ.

ಮಾವ ರಸ್ತೆಯ ಆ ತುದಿಗೆ ನೋಡುತ್ತಿದ್ದ. ಕೊನೆಗೆ ಪಾರ್ವತತ್ತೆಯೇ ಬಾಯಿ ಬಿಟ್ಟಳು.

"ಗಿರಿಜಾ, ನಿನ್ನ ಹತ್ರ ಸಾಮಾನು ಐತೇನೆ?"

"ಐತೆ ಅತ್ತೆ."

"ಮತ್ಯಾಕೆ ನಿಂತಿ?"

ನಾನು ಮಾವನ ಮುಖ ನೋಡಿದೆ. ಅವನು ಪಕ್ಕಕ್ಕೆ ಸರಿದು ಕೂತ. ನಾನು ಚಕ್ರ ಬಿಚ್ಚದೆ, ಟೈರಿನ ಒಂದು ಅಂಚನ್ನಷ್ಟೇ ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು ಗಾಳಿ ತುಂಬಿದೆ. ಅಲ್ಲಿ ನಿಂತುಬಿಟ್ಟೆ. ನೀರಿಲ್ಲ. ಕುಡಿಯಲು ತಂದಿದ್ದ ಒಂದು ಚೆಂಬು ನೀರು ಯಾವ ಮೂಲೆಗೂ ಸಾಲದು. ಮನೆಯ ಪರಾತವಿಲ್ಲದೆ ತೂತು ಹುಡುಕುವುದು ನನಗೆ ಗೊತ್ತೇ ಇರಲಿಲ್ಲ. ಬೆರಳಾಡಿಸಿದೆ, ಕಿವಿಗೆ ಹಿಡಿದೆ. ಗಾಳಿ ಬೀಸುತ್ತಿತ್ತು, ಏನೂ ಕೇಳಲಿಲ್ಲ. ಮತ್ತೆ ಕಿವಿಗೇ ಹಿಡಿದೆ.

"ಕಿವಿಗಲ್ಲ," ಎಂದ ರುದ್ರಣ್ಣ ಮಾವ, ಕೂತಲ್ಲಿಂದಲೇ. "ಬೆನ್ನು ಗಾಳಿಗೆ ಕೊಟ್ಟು ಕೂತ್ಕೊ. ತುಟಿ ಒದ್ದೆ ಮಾಡ್ಕೊಂಡು ಅದರ ಹತ್ರ ಹಿಡಿ. ಮೆಲ್ಲಕೆ ತಿರುಗ್ಸು."

ಹಾಗೇ ಮಾಡಿದೆ. ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಕೆಳತುಟಿಗೆ ತಣ್ಣಗೆ ಒಂದು ಎಳೆ ತಾಗಿತು. ಅಲ್ಲಿ ಉಗುರಿನಿಂದ ಗುರುತು ಮಾಡಿ, ಉಜ್ಜಿ, ಸೊಲ್ಯೂಷನ್ ಹಚ್ಚಿ ಕಾದೆ. ಕಾಯುವ ಹೊತ್ತಿನಲ್ಲಿ ಅಪ್ಪ ಬಳೆಯ ಗಂಟು ಬಿಚ್ಚಿದ. ಪಾರ್ವತತ್ತೆ ಕೇಳಿರಲಿಲ್ಲ. ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಹಬ್ಬಕ್ಕೆ ಇಡಿಸ್ಕೊ ತಂಗಿ, ಕೈ ಸಡಿಲ ಬಿಡು," ಎಂದು ಅವಳ ಬೆರಳುಗಳನ್ನು ಕೂಡಿಸಿ ಹಿಡಿದು ಹಸಿರು ಬಳೆ ಏರಿಸತೊಡಗಿದ. ತವರಿಗೆ ಹೋಗೋಳು ಬರಿ ಎರಡೆರಡು ಬಳೆಯಾಗೆ ಹೊಂಟಿದ್ದೆ ಅಣ್ಣಾ ಎಂದು ಅವಳು ಹೇಳಿದಾಗ ಅಪ್ಪನ ಕಣ್ಣು ತುಂಬಿದ್ದನ್ನು ನಾನು ಕಂಡೆ. ರುದ್ರಣ್ಣ ಮಾವ ಮಾತ್ರ ಮಾಡಲು ಏನೂ ಇಲ್ಲದೆ ಒಮ್ಮೆ ಅಪ್ಪನ ಕೈ, ಒಮ್ಮೆ ನನ್ನ ಕೈ ನೋಡುತ್ತಾ ಕೂತಿದ್ದ. ನಾನು ತೇಪೆ ಒತ್ತಿ, ಟ್ಯೂಬನ್ನು ಒಳಗೆ ತುರುಕಲು ಹೊರಟಾಗ ಅವನು ಎದ್ದು ಬಂದ.

"ಮುಳ್ಳು ಎಲ್ಲೈತೆ?"

ಮುಳ್ಳು ಇನ್ನೂ ಟೈರಿನಲ್ಲೇ ಇತ್ತು. ಹಾಗೇ ಮುಚ್ಚಿದ್ದರೆ ನೂರು ಗಜ ಹೋಗುವಷ್ಟರಲ್ಲಿ ಮತ್ತೆ ತೂತು. ಮಾವ ನನ್ನ ಕೈ ಹಿಡಿದು ಟೈರಿನ ಒಳಮೈಯನ್ನು ಹೆಬ್ಬೆರಳಿನಿಂದ ಹೇಗೆ ಸವರಬೇಕೆಂದು ತೋರಿಸಿದ. ಜಾಲಿಯ ತುದಿ ಸಿಕ್ಕಿತು. ಕಿತ್ತು ಬಿಸಾಕಿದೆ. ಗಾಳಿ ತುಂಬಿ ಚಕ್ರ ಗಟ್ಟಿಯಾದ ಮೇಲೆ ಅವನು ಅಪ್ಪನ ಕಡೆ ತಿರುಗಿದ. ಎಷ್ಟೋ ತಿಂಗಳ ಮೇಲೆ ಅವನ ಜೊತೆ ಆಡಿದ ಮೊದಲ ಮಾತು.

"ಪಂಚರ್ ಈಕೆ ಹಾಕ್ಲಿ. ಆದ್ರೆ ವರ್ಷಕ್ಕೊಂದು ಸಲ ಗಾಡಿ ಪೂರ್ತಿ ಬಿಚ್ಚಬೇಕು, ಒಳಗೆಲ್ಲ ತೊಳೀಬೇಕು. ಅದು ಮನೆ ಹಿತ್ತಲಾಗೆ ಆಗಲ್ಲ. ದಸರಾ ಮುಂದೆ ತಂದುಬಿಡು. ಈಕೆನೂ ಬರಲಿ."

"ಆತು," ಎಂದ ಅಪ್ಪ. ಅಷ್ಟೇ. ಅವರಿಬ್ಬರೂ ಅದಕ್ಕಿಂತ ಹೆಚ್ಚು ಮಾತಾಡುವವರಲ್ಲ.

ದಸರೆಯ ಮುಂಚೆ ಎರಡು ದಿನ ನಾನು ಆ ತಗಡಿನ ಅಂಗಡಿಯಲ್ಲಿ ಕೂತೆ. ಮಾವ ಪಾನಾವನ್ನು ನನ್ನ ಕೈಗೇ ಕೊಟ್ಟು ನಟ್ಟು ಬಿಚ್ಚಿಸಿದ. ಚಕ್ರದ ನಡುವಿನಿಂದ ಗೋಲಿಯಂಥ ಉಕ್ಕಿನ ಗುಂಡುಗಳನ್ನು ತೆಗೆದು ಸೀಮೆಎಣ್ಣೆಯಲ್ಲಿ ತೊಳೆದೆ. ಗ್ರೀಸು ತುಂಬಿ ಒಂದೊಂದನ್ನೇ ತಿರುಗಿ ಕೂಡಿಸಿದೆ. ಒಂದು ಸಲ ತಪ್ಪಾಗಿ ಚಕ್ರ ಗರಗರ ಎಂದಿತು. ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಮಾಡು ಎಂದ, ಮಾಡಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಒಬ್ಬರು ಬಳೆಗಾರನ ಮಗಳಲ್ಲವೇ ಎಂದು ಕೇಳಿದ್ದಕ್ಕೆ ಮಾವ "ಹೌದು, ಸ್ವಲ್ಪ ಬೆಳಕು ಬಿಡ್ರಿ," ಎಂದ. ಮನೆಗೆ ಬಂದು ಸೀಗೇಪುಡಿ, ಬೂದಿ, ಹುಣಸೆ, ಏನು ಹಚ್ಚಿ ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಅವ್ವ ನನ್ನ ಕೈ ನೋಡಿ, ತಟ್ಟೆಗೆ ಎರಡು ರೊಟ್ಟಿ ಹಾಕಿದಳು.

ಮರುದಿನ ಶಾಲೆಯಲ್ಲಿ ಹೊಲಿಗೆಯ ತರಗತಿ. ಬಿಳಿ ಬಟ್ಟೆಯ ಮೇಲೆ ಹೂ ಹಾಕಬೇಕು. ನಮ್ಮ ಟೀಚರು ಸಾಲಿನಲ್ಲಿ ಬರುತ್ತಾ ನನ್ನ ಬೆಂಚಿನ ಹತ್ತಿರ ನಿಂತರು.

"ಏನಿದು ಗಿರಿಜಾ, ಈ ಕೈ?"

ಹುಡುಗಿಯರೆಲ್ಲ ತಿರುಗಿ ನೋಡಿದರು. ನಾನು ಎದ್ದು ನಿಂತೆ.

"ಸೈಕಲ್ ಬಿಚ್ಚಿ ತೊಳೆದೆ ಟೀಚರ್. ಹಿಂದಿನ ಚಕ್ರ, ಮುಂದಿನ ಚಕ್ರ, ಎರಡೂ."

ಅವರು ಬಟ್ಟೆಯನ್ನು ನನ್ನ ಮುಂದಿನಿಂದ ತೆಗೆದು, ಹೋಗಿ ಮತ್ತೆ ತೊಳೆದುಕೊಂಡು ಬಾ ಎಂದರು. ತೊಳೆದೆ, ಹೋಗಲಿಲ್ಲ. ಬಂದು ಕೂತೆ. ಪಕ್ಕದವಳು ಕೈಯನ್ನು ಬೆಂಚಿನ ಕೆಳಗೆ ಇಟ್ಟುಕೊಳ್ಳೆಂದು ಸನ್ನೆ ಮಾಡಿದಳು. ನಾನು ಎರಡೂ ಕೈಗಳನ್ನು ಬೆಂಚಿನ ಮೇಲೇ ಇಟ್ಟುಕೊಂಡು, ಗಂಟೆ ಹೊಡೆಯುವ ತನಕ ಹಾಗೇ ಕೂತಿದ್ದೆ.